ಜತ್ತದ ರಸ್ತೆಗೆ ಉಕ್ಕೋ, ಅಲಾಯೋ, ಕಾರ್ಬನ್ನೋ: ಮಿಲಿಮೀಟರ್ ಮತ್ತು ರೂಪಾಯಿಗಳ ಲೆಕ್ಕ

65 ಕೆ.ಜಿ. ತೂಕದ ಸವಾರ, 9 ಕೆ.ಜಿ. ತೂಕದ ರೋಡ್ ಬೈಕ್. ಒಟ್ಟು 74 ಕೆ.ಜಿ. ಇದರಲ್ಲಿ ಶೇ 60ರಷ್ಟು, ಅಂದರೆ ಸುಮಾರು 44 ಕೆ.ಜಿ., ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಆ ಭಾರಕ್ಕೆ ತಕ್ಕಷ್ಟು ಹವಾ ಹೊಡೆದ 23 ಮಿ.ಮೀ. ಟೈರು ಸುಮಾರು 3.45 ಮಿ.ಮೀ. ಕುಗ್ಗುತ್ತದೆ. ಅದೇ ಭಾರವನ್ನು ಸೀಟಿನ ಬುಡದಿಂದ ಹಿಂದಿನ ಅಚ್ಚಿಗೆ ಇಳಿಯುವ ಎರಡು ತೆಳು ಉಕ್ಕಿನ ಪೈಪುಗಳ ಮೇಲೆ ಪೂರ್ತಿಯಾಗಿ ಹೊರಿಸಿದರೆ ಅವು ಉದ್ದದಲ್ಲಿ ಕುಗ್ಗುವುದು 0.014 ಮಿ.ಮೀ. ಟೈರಿನ ಕುಗ್ಗುವಿಕೆ ಪೈಪಿನದಕ್ಕಿಂತ ಸುಮಾರು 240 ಪಟ್ಟು ಹೆಚ್ಚು.

ರೋಡ್ ಬೈಕ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು ಚೌಕಟ್ಟಿನ ಲೋಹದ ಬಗ್ಗೆ. ಉಕ್ಕು ಮೆತ್ತಗೆ, ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ಒರಟು, ಕಾರ್ಬನ್ ಹಿತ, ಟೈಟೇನಿಯಂ ಎಲ್ಲಕ್ಕಿಂತ ಹಿತ ಎನ್ನುತ್ತಾರೆ. ಈ ಮಾತಿನ ಬೆಲೆ ಇಪ್ಪತ್ತೈದು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ಏರುತ್ತದೆ. ಅಷ್ಟು ಹಣ ಕೊಡುವ ಮೊದಲು ಅದರ ಹಿಂದೆ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆದು ನೋಡುವುದು ಅಗತ್ಯ. ಜತ್ತ ಕಡೆಯ ಮನೆಗಳಿಗಂತೂ ಇನ್ನೂ ಅಗತ್ಯ. ಅಲ್ಲಿ ಒಂದು ರೇಸಿಂಗ್ ಸೈಕಲ್ ಎಂದರೆ ಒಂದು ಹಂಗಾಮಿನ ದುಡಿಮೆ.

ಜತ್ತ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು. ವಿಸ್ತಾರ 2,200 ಚದರ ಕಿ.ಮೀ. ಮೀರುತ್ತದೆ. ಮಳೆ ಕಡಿಮೆ, ಊರುಗಳ ನಡುವಿನ ದೂರ ಹೆಚ್ಚು. ಉಮದಿ, ಸಂಖ, ಗುಡ್ಡಾಪುರದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಗುಹಾಗರದಿಂದ ಕರಾಡ, ವಿಟಾ, ಜತ್ತ ದಾಟಿ ವಿಜಯಪುರಕ್ಕೆ ಬರುವ ಹೆದ್ದಾರಿ ಈ ತಾಲ್ಲೂಕನ್ನು ಕರ್ನಾಟಕದ ಸೈಕಲ್ ಸೀಮೆಗೆ ಜೋಡಿಸುತ್ತದೆ. ಸೈಕಲ್ ಸೀಮೆ ಎಂದದ್ದು ಉಪಚಾರಕ್ಕಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್ ತಂಡಕ್ಕೆ ದಶಕಗಳಿಂದ ಹುಡುಗ ಹುಡುಗಿಯರನ್ನು ಕೊಟ್ಟಿವೆ. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾನಿಲಯವಿದೆ, ವರ್ಷಗಟ್ಟಲೆ ಕಾಮಗಾರಿ ನಡೆದ ವೆಲೋಡ್ರೋಮ್ ಇದೆ. ಜಾತ್ರೆಗಳಲ್ಲಿ ಬಂಡಿ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಗಡಿಯ ಈಚೆಗಿನ ಮಗುವೊಂದು ಆ ಓಟ ನೋಡಿ ನನಗೂ ಸೈಕಲ್ ಬೇಕು ಎಂದರೆ ಮನೆಯವರು ಏನು ಕೊಡಿಸಬೇಕು? ಈ ಬರಹ ಲೆಕ್ಕ ಹಾಕುವುದು ಅವರಿಗಾಗಿ.

ಎಲ್ಲರಿಗೂ ಗೊತ್ತಿರುವ ಸೈಕಲ್‌ನಿಂದ ಶುರು ಮಾಡೋಣ. ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಹೋಗುವ ಕರಿ ಸೈಕಲ್ಲು 20 ಕೆ.ಜಿ. ಆಸುಪಾಸು ತೂಗುತ್ತದೆ. ಅದರ ಚೌಕಟ್ಟು ಸಾದಾ ಉಕ್ಕು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಹರ್ಕ್ಯುಲಿಸ್, ಬಿಎಸ್‌ಎ ಹೆಸರಿನಲ್ಲಿ ಇಂಥ ಸೈಕಲ್ ಮಾಡಿತು. ಅದಕ್ಕೆ ಕೈಜೋಡಿಸಿದ್ದ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕೂಟದ ಒಳಗೇ ರೆನಾಲ್ಡ್ಸ್ ಎಂಬ ಪೈಪ್ ಕಂಪನಿಯೂ ಇತ್ತು. ಆ ಕಂಪನಿ 1935ರಲ್ಲಿ ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆಸಿದ 531 ಎಂಬ ಪೈಪು ತಂದಿತು. ಟೂರ್ ದ ಫ್ರಾನ್ಸ್ ಗೆದ್ದ ಹಲವು ಸೈಕಲ್‌ಗಳು ಆ ಪೈಪಿನವು. ಹಾಲಿನ ಕ್ಯಾನಿನ ಸೈಕಲ್ಲಿಗೂ ಪ್ಯಾರಿಸ್ ತಲುಪಿದ ಸೈಕಲ್ಲಿಗೂ ಹೀಗೊಂದು ದೂರದ ನಂಟು.

ಈ ಎರಡು ಉಕ್ಕುಗಳ ನಡುವೆ ಬಿಗಿತದಲ್ಲಿ ವ್ಯತ್ಯಾಸವೇ ಇಲ್ಲ ಎಂದರೆ ಹಲವರಿಗೆ ಅಚ್ಚರಿ. ಎಳೆದಾಗ ಲೋಹ ಎಷ್ಟು ಹಿಗ್ಗುತ್ತದೆ ಎಂದು ಹೇಳುವ ಅಂಕಿ ಅಗ್ಗದ ಉಕ್ಕಿಗೂ ದುಬಾರಿ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, 205 ಗಿಗಾಪಾಸ್ಕಲ್. ಬೇರೆಯಾಗುವುದು ಬಲ, ಎಂದರೆ ಮುರಿಯುವ ಅಥವಾ ಶಾಶ್ವತವಾಗಿ ಬಾಗುವ ಹಂತ. ಬಲ ಹೆಚ್ಚಿದ್ದರೆ ಪೈಪಿನ ಗೋಡೆಯನ್ನು ತೆಳುವಾಗಿಸಬಹುದು; ತೆಳುವಾದ ಪೈಪು ಹಗುರ, ತುಸು ಹೆಚ್ಚು ಬಳುಕುತ್ತದೆ ಕೂಡ. ಒಳ್ಳೆ ಉಕ್ಕಿನ ಸೈಕಲ್ ಬೇರೆಯಾಗಿ ಅನ್ನಿಸುವುದು ಆ ತೆಳು ಗೋಡೆಯಿಂದ.

ಮೂರು ಲೋಹಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೊಂದು ವಿಚಾರ ಎದ್ದು ಕಾಣುತ್ತದೆ. ಉಕ್ಕಿನ ಬಿಗಿತ 205, ಸಾಂದ್ರತೆ 7.85. ಅಲ್ಯೂಮಿನಿಯಂ 70, 2.7. ಟೈಟೇನಿಯಂ ಮಿಶ್ರಲೋಹ 107, 4.48. ಬಿಗಿತವನ್ನು ಸಾಂದ್ರತೆಯಿಂದ ಭಾಗಿಸಿ: ಉಕ್ಕಿಗೆ 26.1, ಅಲ್ಯೂಮಿನಿಯಂಗೆ 25.9, ಟೈಟೇನಿಯಂಗೆ 23.9. ತೂಕಕ್ಕೆ ಸಿಗುವ ಬಿಗಿತದಲ್ಲಿ ಮೂರೂ ಬಹುತೇಕ ಸಮ. ಹಾಗಾದರೆ ಸೈಕಲ್‌ಗಳ ನಡುವಿನ ವ್ಯತ್ಯಾಸ ಬರುವುದು ಎಲ್ಲಿಂದ? ಪೈಪಿನ ದಪ್ಪದಿಂದ. ತೆಳು ಗೋಡೆಯ ಪೈಪಿನ ವ್ಯಾಸ ಇಮ್ಮಡಿಯಾದರೆ ತೂಕ ಇಮ್ಮಡಿ, ಬಾಗುವಿಕೆಗೆ ಒಡ್ಡುವ ಪ್ರತಿರೋಧ ಎಂಟು ಮಡಿ. ಒಂದು ಮೀಟರ್ ಪೈಪಿಗೆ ನಾನು ಹಾಕಿದ ಲೆಕ್ಕ ಇಲ್ಲಿದೆ. ಮೊದಲ ಸಾಲಿನ ಉಕ್ಕಿನ ಪೈಪಿನ ಬಾಗುಬಿಗಿತವನ್ನು 100 ಎಂದು ಇಟ್ಟುಕೊಂಡಿದ್ದೇನೆ.

| ಪೈಪು | ವ್ಯಾಸ, ಮಿ.ಮೀ. | ಗೋಡೆ, ಮಿ.ಮೀ. | ತೂಕ, ಗ್ರಾಂ | ಬಾಗುಬಿಗಿತ |
|---|---|---|---|---|
| ಉಕ್ಕು | 28.6 | 0.8 | 548 | 100 |
| ಅಲ್ಯೂಮಿನಿಯಂ, ಅದೇ ಅಳತೆ | 28.6 | 0.8 | 189 | 34 |
| ಅಲ್ಯೂಮಿನಿಯಂ, ದಪ್ಪ ಪೈಪು | 40 | 1.4 | 458 | 160 |
| ಟೈಟೇನಿಯಂ | 34.9 | 0.9 | 431 | 107 |

ಎರಡನೇ ಸಾಲು ನೋಡಿ. ಅಳತೆ ಒಂದೇ ಇದ್ದರೆ ಅಲ್ಯೂಮಿನಿಯಂ ಉಕ್ಕಿಗಿಂತ ಮೂರು ಪಟ್ಟು ಹೆಚ್ಚು ಬಳುಕುವ ಲೋಹ. ಹಳೆಯ ಕಾಲದ ತೆಳು ಅಲ್ಯೂಮಿನಿಯಂ ಚೌಕಟ್ಟುಗಳು ಬಳುಕುತ್ತವೆ ಎಂಬ ದೂರು ಇದ್ದದ್ದೇ ಅದಕ್ಕೆ. ಆಮೇಲೆ ಅಮೆರಿಕದ ಕ್ಲೈನ್, 1983ರಿಂದ ಕ್ಯಾನನ್‌ಡೇಲ್ ಕಂಪನಿಗಳು ಪೈಪನ್ನು ದಪ್ಪ ಮಾಡಿದವು, ಮೂರನೇ ಸಾಲಿನ ಲೆಕ್ಕ ಹುಟ್ಟಿತು: ತೂಕ ಶೇ 16 ಕಡಿಮೆ, ಬಿಗಿತ ಶೇ 60 ಹೆಚ್ಚು. ಅಲಾಯ್ ಒರಟು ಎಂಬ ಹೆಸರು ಈ ದಪ್ಪ ಪೈಪಿನ ಜೊತೆ ಬಂದದ್ದು. ಅದೇ ಕಾಲದಲ್ಲಿ ಓಟದ ಸೈಕಲ್‌ಗಳ ಟೈರು 20, 21, 23 ಮಿ.ಮೀ.ಗೆ ಇಳಿದಿತ್ತು, ಹವಾ 110–120 ಪಿ.ಎಸ್.ಐ. ದಾಟಿತ್ತು. ಟೈರಿನ ಒರಟುತನವೂ ಲೋಹದ ಲೆಕ್ಕಕ್ಕೆ ಸೇರಿಹೋಯಿತು ಎಂಬುದು ನನ್ನ ದೃಢ ಅಭಿಪ್ರಾಯ.

ಅಭಿಪ್ರಾಯಕ್ಕೆ ಆಧಾರ ಕೊಡಬೇಕಲ್ಲ. ಮೇಲಿನ 0.014 ಮಿ.ಮೀ. ಬಂದ ಬಗೆ ಹೀಗೆ: 14 ಮಿ.ಮೀ. ವ್ಯಾಸ, 0.8 ಮಿ.ಮೀ. ಗೋಡೆ, 450 ಮಿ.ಮೀ. ಉದ್ದದ ಎರಡು ಉಕ್ಕಿನ ಪೈಪು, ಭಾರ 435 ನ್ಯೂಟನ್. ಇದೇ ಜಾಗಕ್ಕೆ 16 ಮಿ.ಮೀ. ವ್ಯಾಸ, 1.2 ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಪೈಪು ಹಾಕಿದರೆ ಕುಗ್ಗುವುದು 0.025 ಮಿ.ಮೀ. ಒರಟು ಎನ್ನಿಸಿಕೊಂಡ ಲೋಹವೇ ಇಲ್ಲಿ ಹೆಚ್ಚು ಕುಗ್ಗಿತು! ಎರಡರ ನಡುವಿನ ಅಂತರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ. ಇದು ಪೈಪು ನೇರವಾಗಿ ಅದುಮಿಸಿಕೊಳ್ಳುವುದರ ಲೆಕ್ಕ ಮಾತ್ರ. ನಿಜವಾದ ಚೌಕಟ್ಟು ಬೆಸುಗೆಯ ಸಂದಿಗಳಲ್ಲಿ, ಬಾಗಿಸಿದ ಪೈಪುಗಳಲ್ಲಿ ಇನ್ನಷ್ಟು ಬಳುಕುತ್ತದೆ. ಅದನ್ನು ಹತ್ತು ಪಟ್ಟು ಹೆಚ್ಚಿಸಿದರೂ ಮೊತ್ತ ಕಾಲು ಮಿಲಿಮೀಟರ್ ಮೀರುವುದಿಲ್ಲ. ತ್ರಿಕೋನಗಳನ್ನು ಜೋಡಿಸಿ ಮಾಡಿದ ರಚನೆಯ ಗುಣವೇ ಅದು: ಮೇಲಿಂದ ಬಿದ್ದ ಭಾರಕ್ಕೆ ಅದು ಜಗ್ಗುವುದಿಲ್ಲ. ದಪ್ಪ ಹಾಸಿಗೆಯ ಅಡಿಯಲ್ಲಿ ಕಲ್ಲುಚಪ್ಪಡಿ ಇದ್ದರೂ ತೇಗದ ಹಲಗೆ ಇದ್ದರೂ ಮಲಗಿದವನ ಬೆನ್ನಿಗೆ ಎಷ್ಟು ತಿಳಿದೀತು?

ಕಾರ್ಬನ್ ಮಾತ್ರ ಈ ಕೋಷ್ಟಕದಲ್ಲಿ ಕೂರುವುದಿಲ್ಲ. ಅದಕ್ಕೆ ಒಂದೇ ಅಂಕಿ ಇಲ್ಲ. ಎಳೆಯ ಉದ್ದಕ್ಕೆ ಎಳೆದರೆ ಸಾಮಾನ್ಯ ಕಾರ್ಬನ್–ಎಪಾಕ್ಸಿಯ ಬಿಗಿತ 130–140 ಗಿಗಾಪಾಸ್ಕಲ್, ಅಡ್ಡಕ್ಕೆ ಎಳೆದರೆ ಬರೀ 10ರ ಆಸುಪಾಸು. ಸಾಂದ್ರತೆ 1.55. ಎಳೆಯ ದಿಕ್ಕಿನಲ್ಲಿ ತೂಕಕ್ಕೆ ಸಿಗುವ ಬಿಗಿತ 87, ಲೋಹಗಳ ಮೂರು ಪಟ್ಟಿಗೂ ಮೀರಿದ್ದು. ಅದರ ಬೆಲೆ ಇರುವುದು ಎಳೆಗಳನ್ನು ಎಲ್ಲಿ ಯಾವ ದಿಕ್ಕಿಗೆ ಎಷ್ಟು ಪದರ ಇಡಬೇಕು ಎಂಬ ಜಾಣ್ಮೆಯಲ್ಲಿ. ಪೆಡಲ್ ಕಡೆ ಗಟ್ಟಿ, ಸೀಟಿನ ಕಡೆ ತುಸು ಮೆತ್ತಗೆ ಎಂದು ಒಂದೇ ಚೌಕಟ್ಟಿನಲ್ಲಿ ಮಾಡಬಹುದು. ಹಾಗೆ ಮಾಡಿದ ಕಾರ್ಬನ್ ನಿಜಕ್ಕೂ ಹಿತ. ಆದರೆ ಕಾರ್ಬನ್ ಎಂದು ಬರೆದಿದ್ದ ಮಾತ್ರಕ್ಕೆ ಆ ಕೆಲಸ ಅಲ್ಲಿ ನಡೆದಿದೆ ಎಂದಲ್ಲ. ಬಿಗಿಯಾದ, ಒರಟಾದ ಕಾರ್ಬನ್ ಚೌಕಟ್ಟುಗಳೂ ಮಾರುಕಟ್ಟೆಯಲ್ಲಿ ಸಾಕಷ್ಟಿವೆ.

ಸವಾರರ ಅನುಭವವನ್ನು ಕಣ್ಣು ಕಟ್ಟಿ ಪರೀಕ್ಷಿಸಿದ ಒಂದು ಪ್ರಸಂಗ ಇಲ್ಲಿ ಹೇಳಬೇಕು. 1996ರಲ್ಲಿ ಅಮೆರಿಕದ ಬೈಸಿಕಲ್ ಗೈಡ್ ಪತ್ರಿಕೆ ಇಟಲಿಯ ಆಂತೋನಿಯೊ ಮೊಂದೋನಿಕೊ ಅವರಿಂದ ಏಳು ಉಕ್ಕಿನ ಚೌಕಟ್ಟು ಮಾಡಿಸಿತು. ಅಳತೆ ಒಂದೇ, ಬಣ್ಣ ಒಂದೇ, ಬಿಡಿಭಾಗ ಒಂದೇ. ಪೈಪು ಮಾತ್ರ ಕೊಲಂಬಸ್ ಕಂಪನಿಯ ಅಗ್ಗದ್ದರಿಂದ ದುಬಾರಿಯವರೆಗೆ ಬೇರೆಬೇರೆ. ಯಾವುದು ಯಾವುದೆಂದು ತಿಳಿಯದೆ ಓಡಿಸಿದ ಅನುಭವಿಗಳಿಗೆ ಅವುಗಳನ್ನು ನೆಚ್ಚಬಹುದಾದ ರೀತಿಯಲ್ಲಿ ಬೇರ್ಪಡಿಸಲಾಗಲಿಲ್ಲ. ಮುಂದೆ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆ ನಡೆಸಿದ ಅಂಥದೇ ಪರೀಕ್ಷೆಯಲ್ಲಿ ಕೆಲವರು ತೀರ ತೆಳು ಪೈಪಿನ ಚೌಕಟ್ಟನ್ನು ಗುರುತಿಸಿದರು. ಆದರೆ ಅವರು ಗುರುತಿಸಿದ್ದು ಜೋರಾಗಿ ಪೆಡಲ್ ತುಳಿಯುವಾಗ ಕಾಲಿಗೆ ಸಿಕ್ಕ ಸ್ಪಂದನದಿಂದ. ಗುಂಡಿಯ ಏಟು ಅಲ್ಲಿ ವಿಷಯವಾಗಿರಲಿಲ್ಲ.

ಈ ವ್ಯತ್ಯಾಸ ಮುಖ್ಯ. ಚೌಕಟ್ಟು ಮೇಲೆ–ಕೆಳಗೆ ಬಳುಕದಿದ್ದರೂ ಅಕ್ಕಪಕ್ಕಕ್ಕೆ ಬಳುಕುತ್ತದೆ. ಸೀಟಿನಿಂದ ಎದ್ದು ತುಳಿದಾಗ ಪೆಡಲ್ ಅಚ್ಚಿನ ಜಾಗ ಮಿಲಿಮೀಟರುಗಳ ಲೆಕ್ಕದಲ್ಲಿ ಪಕ್ಕಕ್ಕೆ ಸರಿಯುತ್ತದೆ. ಸಾದಾ ಸೈಕಲ್‌ನಲ್ಲೂ ಬಗ್ಗಿ ನೋಡಿದರೆ ಕಾಣುತ್ತದೆ. ಕೋಷ್ಟಕದ 100 ಮತ್ತು 160ರ ಅಂತರ ಅಲ್ಲಿ ಕಾಲಿಗೆ ತಿಳಿಯುತ್ತದೆ. ಶರ್ಯತ್ತಿನ ಕೊನೆಯ 200 ಮೀಟರ್ ಓಡುವವರಿಗೆ ದಪ್ಪ ಪೈಪಿನ ಅಲಾಯ್ ಅಥವಾ ಕಾರ್ಬನ್ ಇಷ್ಟವಾಗುವುದು ಸಹಜ.

ಸವಾರಿಯ ಹಿತವನ್ನು ತೂಗುವ ಭಾಗ ಟೈರು. ಅಮೆರಿಕದ ಫ್ರ್ಯಾಂಕ್ ಬರ್ಟೊ ಟೈರುಗಳನ್ನು ಅಳೆದು ಕೊಟ್ಟ ಸೂತ್ರ ಸರಳ: ಸವಾರ ಕೂತಾಗ ಟೈರಿನ ಎತ್ತರ ಶೇ 15ರಷ್ಟು ಇಳಿಯುವಷ್ಟು ಹವಾ ಇರಲಿ. ಹಿಂದಿನ ಗಾಲಿಯ ಮೇಲೆ 44 ಕೆ.ಜಿ. ಇದ್ದರೆ 23 ಮಿ.ಮೀ. ಟೈರಿಗೆ ಸುಮಾರು 110 ಪಿ.ಎಸ್.ಐ. ಬೇಕು, 28 ಮಿ.ಮೀ.ಗೆ 72–75, 32 ಮಿ.ಮೀ.ಗೆ 55–58. ಟೈರು ಇಳಿಯುವುದು ಕ್ರಮವಾಗಿ 3.45, 4.2, 4.8 ಮಿ.ಮೀ. ಅಂದರೆ 23ರಿಂದ 28ಕ್ಕೆ ಬದಲಿಸಿದರೆ 0.75 ಮಿ.ಮೀ. ಹೆಚ್ಚು ಮೆತ್ತನೆ ಸಿಕ್ಕಿತು. ಚೌಕಟ್ಟಿನ ಲೋಹ ಬದಲಿಸಿ ಸಿಕ್ಕದ್ದು 0.01. ಟೈರಿನೊಳಗಿನ ಗಾಳಿಯ ಗಾತ್ರ ವ್ಯಾಸದ ವರ್ಗದಂತೆ ಬೆಳೆಯುವುದರಿಂದ 28 ಮಿ.ಮೀ. ಟೈರಿನಲ್ಲಿ 23ರದ್ದಕ್ಕಿಂತ ಶೇ 48ರಷ್ಟು ಹೆಚ್ಚು ಗಾಳಿ ಇರುತ್ತದೆ. ಗುಂಡಿಯ ಅಂಚು ರಿಮ್ಮಿಗೆ ತಗಲುವ ಮೊದಲು ತಡೆಯುವುದು ಆ ಗಾಳಿ.

ರಸ್ತೆ ಮುಟ್ಟುವ ತೇಪೆಯ ಲೆಕ್ಕವೂ ಸುಲಭ: ಭಾರವನ್ನು ಒತ್ತಡದಿಂದ ಭಾಗಿಸಿದರಾಯಿತು. 110 ಪಿ.ಎಸ್.ಐ. ಎಂದರೆ ಚದರ ಸೆಂ.ಮೀ.ಗೆ 7.7 ಕೆ.ಜಿ.; 44 ಕೆ.ಜಿ. ಭಾರಕ್ಕೆ ತೇಪೆ 5.7 ಚದರ ಸೆಂ.ಮೀ. ಅದೇ 65 ಪಿ.ಎಸ್.ಐ. ಆದರೆ 9.6. ಜತ್ತದ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ ಡಾಂಬರು ಕಿತ್ತು ಖಡಿ ಮೇಲೆದ್ದಿರುವ ಕಡೆ, ಎರೆಮಣ್ಣು ಬಂದು ಬಿದ್ದಿರುವ ತಿರುವುಗಳಲ್ಲಿ ಈ ಅಗಲ ಹಿಡಿತವೂ ಹೌದು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ಪಾದಯಾತ್ರೆ ಹೊರಡುವ ಜನ ರಸ್ತೆಯ ಬದಿ ತುಂಬಿರುವ ದಿನಗಳಲ್ಲಿ ಸೈಕಲ್ ಸವಾರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಲೇಬೇಕು. 23 ಮಿ.ಮೀ. ಟೈರಿನಲ್ಲಿ ಅದು ಅಪಾಯ.

ಅಗಲ ಟೈರು ನಿಧಾನ ಎಂಬ ಹಳೆಯ ನಂಬಿಕೆ ಇನ್ನೂ ಜಾತ್ರೆಯ ಶರ್ಯತ್ತುಗಳ ಸುತ್ತ ಉಳಿದಿದೆ. ಆದರೆ ಯುರೋಪಿನ ವೃತ್ತಿಪರ ತಂಡಗಳು 23ರಿಂದ 25ಕ್ಕೆ, ಈಗ 28ಕ್ಕೂ ಅದರಾಚೆಗೂ ಬಂದಿವೆ. ಅವು ಒಂದು ಸೆಕೆಂಡನ್ನೂ ಸುಮ್ಮನೆ ಬಿಟ್ಟುಕೊಡುವವಲ್ಲ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲನ್ನೂ ಸವಾರನನ್ನೂ ಮೇಲೆತ್ತುತ್ತದೆ. ಆ ಎತ್ತುವ ಶಕ್ತಿ ಸವಾರನ ಸ್ನಾಯುಗಳಲ್ಲೇ ಕರಗಿಹೋಗುತ್ತದೆ, ಮುಂದಕ್ಕೆ ಹೋಗಲು ಬರುವುದಿಲ್ಲ.

ನಮ್ಮ ಕಡೆಯ ಬಿಸಿಲಿಗೆ ಒಂದು ಎಚ್ಚರಿಕೆ. ಬೆಳಗಿನ 22 ಡಿಗ್ರಿಯಲ್ಲಿ 80 ಪಿ.ಎಸ್.ಐ. ಹೊಡೆದ ಟೈರು ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 87 ಆಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬೆಳಗ್ಗೆ 5 ಪಿ.ಎಸ್.ಐ. ಕಡಿಮೆಯೇ ಹೊಡೆಯಬಹುದು.

ಟೈರಿನ ನಂತರದ ಮೆತ್ತನೆ ಸೀಟು ಮತ್ತು ಸೀಟಿನ ಕಂಬ. 27.2 ಮಿ.ಮೀ. ವ್ಯಾಸದ ಕಂಬ 31.6 ಮಿ.ಮೀ. ಕಂಬಕ್ಕಿಂತ, ಗೋಡೆ 2 ಮಿ.ಮೀ. ಇದ್ದರೆ, 1.6 ಪಟ್ಟು ಹೆಚ್ಚು ಬಾಗುತ್ತದೆ. ಚೌಕಟ್ಟಿನಿಂದ ಹೊರಗೆ 150 ಮಿ.ಮೀ. ಇರುವ ಕಂಬವನ್ನು 200 ಮಿ.ಮೀ. ಮಾಡಿದರೆ ಬಾಗುವಿಕೆ 2.4 ಪಟ್ಟು. ಸೀಟಿನ ಮೇಲೆ 400 ನ್ಯೂಟನ್ ಭಾರ ಬಿದ್ದಾಗ 27.2ರ ಅಲ್ಯೂಮಿನಿಯಂ ಕಂಬ 200 ಮಿ.ಮೀ. ಹೊರಗಿದ್ದರೆ ಹಿಂದಕ್ಕೆ ಸುಮಾರು 0.35 ಮಿ.ಮೀ. ಬಾಗುತ್ತದೆ, ಕೆಳಕ್ಕೆ ಇಳಿಯುವುದು 0.1 ಮಿ.ಮೀ. ಸಣ್ಣ ಅಂಕಿಯೇ, ಆದರೂ ಹಿಂಬದಿ ಪೈಪುಗಳ ಆರೇಳು ಪಟ್ಟು. ಹೊಸ ಚೌಕಟ್ಟು ಹಿತವಾಗಿದೆ ಎಂದು ಅನ್ನಿಸಿದಾಗ ಅದರ ಮೇಲಿನ ಪೈಪು ಇಳಿಜಾರಾಗಿದ್ದು ಸೀಟಿನ ಕಂಬ ಹೆಚ್ಚು ಹೊರಗಿದೆಯೇ ಎಂದು ನೋಡಬೇಕು.

ಮುಂದಿನ ಫೋರ್ಕ್ ಬೇರೆ ಮಾತು. ಅದು ತ್ರಿಕೋನವಲ್ಲ. ಮೇಲೆ ಹಿಡಿಸಿ ಕೆಳಗೆ ಬಿಟ್ಟ ಕೋಲು ಅದು. ಏಟು ಬಿದ್ದಾಗ ಹಿಂದಕ್ಕೆ ಬಾಗಲು ಅದಕ್ಕೆ ಅವಕಾಶವಿದೆ. ಕೈಗೆ ಬರುವ ಕಂಪನದಲ್ಲಿ ಅದರ ಪಾತ್ರ ದೊಡ್ಡದು. ಅಲಾಯ್ ಚೌಕಟ್ಟಿಗೆ ಕಾರ್ಬನ್ ಫೋರ್ಕ್ ಹಾಕಿದ ಸೈಕಲ್‌ಗಳು ಮಧ್ಯಮ ಬೆಲೆಯಲ್ಲೇ ಸಿಗುತ್ತವೆ. ಕೈ ಜೋಮು ಹಿಡಿಯುತ್ತದೆ ಎನ್ನುವವರಿಗೆ ಪೂರ್ತಿ ಕಾರ್ಬನ್ ಸೈಕಲ್‌ಗಿಂತ ಇದು ಹಣಕ್ಕೆ ತಕ್ಕ ಮಾಲು.

ತೂಕದ ವಿಷಯಕ್ಕೆ ಬಂದರೆ, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನ ರೋಡ್ ಚೌಕಟ್ಟು 1.8–2.2 ಕೆ.ಜಿ., ಅಲ್ಯೂಮಿನಿಯಂ ಮತ್ತು ಟೈಟೇನಿಯಂ 1.3–1.6, ಕಾರ್ಬನ್ 0.8–1.1. ಉಕ್ಕಿಗೂ ಕಾರ್ಬನ್‌ಗೂ ಒಂದು ಕೆ.ಜಿ. ಅಂತರ ಎನ್ನೋಣ. ಒಂದು ಕೆ.ಜಿ.ಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು 981 ಜೂಲ್ ಬೇಕು. 200 ವಾಟ್ ತುಳಿಯುವವರಿಗೆ ಅದು 5 ಸೆಕೆಂಡಿನ ಕೆಲಸ. 65 ಕಿ.ಮೀ. ಅಭ್ಯಾಸದ ದಾರಿಯಲ್ಲಿ ಏರುಗಳೆಲ್ಲ ಸೇರಿ 300 ಮೀಟರ್ ಎಂದು ಇಟ್ಟುಕೊಂಡರೆ 15 ಸೆಕೆಂಡ್. ಗಂಟೆಗೆ 28 ಕಿ.ಮೀ. ವೇಗದಲ್ಲಿ ಆ ದಾರಿಗೆ ಹಿಡಿಯುವುದು 2 ಗಂಟೆ 19 ನಿಮಿಷ. ಮಹಾಬಳೇಶ್ವರದ ಘಟ್ಟ ಹತ್ತುವವರಿಗೆ ಒಂದು ಕೆ.ಜಿ. ಮುಖ್ಯವಾದೀತು, ಜತ್ತದ ಬಯಲಿಗೆ ಅದು ಅಷ್ಟು ಮುಖ್ಯವಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ 2000ನೇ ಇಸವಿಯಿಂದ ಓಟದ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು ಎಂದು ನಿಯಮ ಮಾಡಿದೆ.

ಬಾಳಿಕೆ ಮತ್ತು ರಿಪೇರಿಯಲ್ಲಿ ಲೋಹ ನಿಜವಾಗಿ ಮಾತಾಡುತ್ತದೆ. ಉಕ್ಕು ಮತ್ತು ಟೈಟೇನಿಯಂಗೆ ಒಂದು ಮಿತಿಯಿದೆ. ಅದರ ಕೆಳಗಿನ ಒತ್ತಡವನ್ನು ಎಷ್ಟು ಸಲ ಹಾಕಿದರೂ ಅವು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. 6061 ಎಂಬ ಸಾಮಾನ್ಯ ಮಿಶ್ರಲೋಹ 97 ಮೆಗಾಪಾಸ್ಕಲ್ ಒತ್ತಡವನ್ನು 50 ಕೋಟಿ ಸಲ ತಾಳುತ್ತದೆ ಎಂಬುದು ಪುಸ್ತಕದ ಅಂಕಿ. ನಿಮಿಷಕ್ಕೆ 80 ಸುತ್ತು ಎಂದರೆ ಎರಡೂ ಕಾಲು ಸೇರಿ ಗಂಟೆಗೆ 9,600 ತುಳಿತ. ದಿನಕ್ಕೆ ಎರಡು ಗಂಟೆ, ವರ್ಷಕ್ಕೆ 300 ದಿನ ಎಂದರೆ 57.6 ಲಕ್ಷ. ಹತ್ತು ವರ್ಷಕ್ಕೆ 5.76 ಕೋಟಿ. ಬೆಸುಗೆಯ ಜಾಗ ಮೂಲ ಲೋಹಕ್ಕಿಂತ ದುರ್ಬಲ, ಗುಂಡಿಯ ಏಟು ಬೇರೆ. ಆದರೂ ಚೆನ್ನಾಗಿ ಮಾಡಿದ ಅಲಾಯ್ ಚೌಕಟ್ಟು ಐದು ವರ್ಷಕ್ಕೆ ಸಾಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 1997ರಲ್ಲಿ ಜರ್ಮನಿಯ ಟೂರ್ ಪತ್ರಿಕೆಗಾಗಿ ಹನ್ನೆರಡು ದುಬಾರಿ ಚೌಕಟ್ಟುಗಳನ್ನು ಯಂತ್ರದ ಮೇಲೆ ತುಳಿಸಿ ತುಳಿಸಿ ಪರೀಕ್ಷಿಸಿದಾಗ ಮುರಿಯದೆ ಉಳಿದದ್ದು ಮೂರು: ಎರಡು ಅಲ್ಯೂಮಿನಿಯಂ, ಒಂದು ಕಾರ್ಬನ್. ಉಕ್ಕಿನವೂ ಟೈಟೇನಿಯಂನವೂ ಬಿರುಕುಬಿಟ್ಟವು. ಹೇಗೆ ಮಾಡಿದ್ದಾರೆ ಎಂಬುದೇ ಅಲ್ಲಿ ಗೆದ್ದದ್ದು.

ಆದರೆ ಒಮ್ಮೆ ಬಿರುಕು ಬಿಟ್ಟರೆ ಮುಂದೇನು? ಉಕ್ಕಿನ ಚೌಕಟ್ಟನ್ನು ಜತ್ತ ಪೇಟೆಯಲ್ಲೇ ಗ್ಯಾಸ್ ಬೆಸುಗೆ ಹಾಕಿ ನಿಲ್ಲಿಸಬಲ್ಲವರು ಸಿಗುತ್ತಾರೆ. ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ಕೈಗೆ ಅದು ಹೊಸದಲ್ಲ. ತೆಳು ಗೋಡೆಯ ಪೈಪು ಸುಟ್ಟುಹೋಗದಂತೆ ನೋಡಿಕೊಂಡರೆ ಸಾಕು. ಅಲ್ಯೂಮಿನಿಯಂ ಹಾಗಲ್ಲ. 6061ಕ್ಕೆ ಬೆಸುಗೆ ಹಾಕಿದ ಮೇಲೆ ಆ ಜಾಗದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದು ಮರಳಬೇಕಾದರೆ ಇಡೀ ಚೌಕಟ್ಟನ್ನು 530 ಡಿಗ್ರಿ ಆಸುಪಾಸಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 160–175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಅದು ಕಾರ್ಖಾನೆಯ ಕೆಲಸ. ಬಿರುಕು ಬಿಟ್ಟ ಅಲಾಯ್ ಚೌಕಟ್ಟಿಗೆ ಊರಿನಲ್ಲಿ ಬೆಸುಗೆ ಹಾಕಿಸಿ ಮಕ್ಕಳ ಕೈಗೆ ಕೊಡಬೇಡಿ. ಕಾರ್ಬನ್ ಬಿರುಕನ್ನು ಪರಿಣತರು ಚೆನ್ನಾಗಿಯೇ ಸರಿಪಡಿಸುತ್ತಾರೆ, ಆದರೆ ಅದಕ್ಕೆ ಪುಣೆ, ಬೆಂಗಳೂರಿನಂಥ ನಗರಕ್ಕೆ ಕಳಿಸಬೇಕು.

ಬೆಲೆಗಳು ಅಂಗಡಿಗೂ ತಿಂಗಳಿಗೂ ಬದಲಾಗುತ್ತವೆ, ಮಟ್ಟ ಮಾತ್ರ ಹೇಳುತ್ತೇನೆ. ಸಾದಾ ಉಕ್ಕಿನ ಸೈಕಲ್ 5–8 ಸಾವಿರ ರೂಪಾಯಿ. ಗೇರಿರುವ ಅಲಾಯ್ ರೋಡ್ ಬೈಕ್ 25–45 ಸಾವಿರ. ಕಾರ್ಬನ್ ಹೊಸದು ಒಂದು ಲಕ್ಷದಿಂದ ಮೇಲಕ್ಕೆ. ಟೈಟೇನಿಯಂ ಚೌಕಟ್ಟು ಒಂದಕ್ಕೇ ಲಕ್ಷ ಮೀರುತ್ತದೆ. 28 ಮಿ.ಮೀ. ಟೈರು ಜೋಡಿಗೆ 3–5 ಸಾವಿರ, ಒತ್ತಡ ತೋರಿಸುವ ಮುಳ್ಳಿರುವ ನಿಲುವು ಪಂಪಿಗೆ 1,500–2,500. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 38,000 ಇದ್ದ ಸೈಕಲ್, ಅಂಗಡಿಯವರು ಇಳಿಕೆಯನ್ನು ಪೂರ್ತಿ ಕೊಟ್ಟರೆ, 35,625 ಆಗಬೇಕು. ಉಳಿದ 2,375 ರೂಪಾಯಿಗೆ ಆ ಪಂಪು ಬಂತು.

ಈಗ ಹೋಲಿಸಿ. ಟೈರು ಬದಲಿಸಿ 0.75 ಮಿ.ಮೀ. ಮೆತ್ತನೆ ಪಡೆಯಲು 4,000 ರೂಪಾಯಿ. ಅಲಾಯ್ ಬಿಟ್ಟು ಕಾರ್ಬನ್‌ಗೆ ಹೋಗಲು ಕನಿಷ್ಠ 55,000 ಹೆಚ್ಚು. ಅದಕ್ಕೆ ಸಿಗುವುದು ಮುಖ್ಯವಾಗಿ ಅರ್ಧ ಕೆ.ಜಿ. ಹಗುರ ಮತ್ತು ಪೆಡಲ್ ಬಿಗಿತ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಚೌಕಟ್ಟು ಯಾವುದರದ್ದು ಎಂದಲ್ಲ, ಇದರೊಳಗೆ ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂದು. ಹಳೆಯ ಕಾರ್ಬನ್ ಓಟದ ಸೈಕಲ್‌ಗಳಲ್ಲಿ 25 ಮಿ.ಮೀ. ದಾಟುವುದಿಲ್ಲ. 80 ಸಾವಿರಕ್ಕೆ ಸಿಗುವ ಅಂಥ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್‌ಗಿಂತ 28 ಅಥವಾ 32 ಹಿಡಿಸುವ 38 ಸಾವಿರದ ಹೊಸ ಅಲಾಯ್ ಸೈಕಲ್, ಸಂಖ–ಉಮದಿಯ ರಸ್ತೆಯಲ್ಲಿ, ಹೆಚ್ಚು ಹಿತ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಕೊಳ್ಳಲೇಬೇಕಾದರೆ ಪೈಪಿನುದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋಗಿ. ಠಣ್ ಎನ್ನುವ ಸದ್ದು ಒಂದೆಡೆ ಮಂಕಾದರೆ ಒಳಪದರ ಬಿಟ್ಟಿರುವ ಸಾಧ್ಯತೆ ಇದೆ. ಬಣ್ಣದ ಮೇಲೆ ಏನೂ ಕಾಣದಿರಬಹುದು.

ಪಂಪು ಸ್ವಂತದ್ದೇ ಇರಬೇಕು ಎಂದು ಒತ್ತಿ ಹೇಳುವುದಕ್ಕೆ ಎರಡು ಕಾರಣ. ಪಂಚರ್ ಅಂಗಡಿಯ ಕಂಪ್ರೆಸರ್ ಮೂತಿ ರೋಡ್ ಬೈಕಿನ ತೆಳು ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ನೂರು ರೂಪಾಯಿ ಒಳಗೆ ಸಿಗುವ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿ ಇರಲೇಬೇಕು. ಎರಡನೆಯದು, ಅಲ್ಲಿ ಎಲ್ಲರಿಗೂ ಗಟ್ಟಿ ಹವಾ ಒಂದೇ ಅಳತೆ. 50 ಕೆ.ಜಿ. ತೂಕದ ಹುಡುಗಿ 9 ಕೆ.ಜಿ. ಸೈಕಲ್ ಮೇಲೆ ಕೂತರೆ ಹಿಂದಿನ ಗಾಲಿಗೆ ಬೀಳುವುದು 35 ಕೆ.ಜಿ., ಮುಂದಕ್ಕೆ 24. ಶೇ 15ರ ಸೂತ್ರದಂತೆ 28 ಮಿ.ಮೀ. ಟೈರಿಗೆ ಹಿಂದೆ 57 ಪಿ.ಎಸ್.ಐ., ಮುಂದೆ 40 ಸಾಕು. ಗುಂಡಿಯ ಅಂಚಿಗೆ ಬಡಿದು ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗದಿರಲಿ ಎಂದು ಎರಡಕ್ಕೂ 5 ಸೇರಿಸಿ, 62 ಮತ್ತು 45. ಜಾಲಿಮುಳ್ಳಿನ ಬದುಗಳಿರುವ ದಾರಿಯಾದರೆ ಒಳಗೆ ಮುಳ್ಳುತಡೆ ಪಟ್ಟಿ ಇರುವ ಟೈರನ್ನೇ ಕೇಳಿ. ತೂಕ ನೂರಿನ್ನೂರು ಗ್ರಾಂ ಹೆಚ್ಚಾದರೂ ಪರವಾಗಿಲ್ಲ.